ಅತ್ತಿಗೆಯನ್ನು ಕೊನೆಯಿಂದ ಓದಿದವನು

ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚಿದರೆ ಮೇಲೆ ಸೆಂಟು, ಸೋಪು, ಹಾಲಿನ ಪುಡಿ. ಅದನ್ನು ನೆಂಟರು ಹಂಚಿಕೊಳ್ಳುತ್ತಾರೆ. ತಳದಲ್ಲಿ ಯಾರಿಗೂ ಬೇಡದ್ದು ಉಳಿಯುತ್ತದೆ: ಅಲ್ಲಿ ಬೆಳೆದ ಮಕ್ಕಳು ಆಡಿ ಬಿಟ್ಟ ಗೇಮಿನ ಡಿಸ್ಕುಗಳು, ಇಂಗ್ಲಿಷಿಗೆ ಬಂದ ಜಪಾನಿನ ದಪ್ಪ ಚಿತ್ರಕಥೆಗಳು, ಅಂದರೆ ಮಾಂಗಾ. ನಾನು ಬದುಕು ಕಟ್ಟಿಕೊಂಡದ್ದು ಆ ತಳದ ಮಾಲಿನಿಂದ. ಉಪ್ಪಳ ಪೇಟೆಯಲ್ಲಿ ಹಳೆಯ ಕಂಪ್ಯೂಟರು, ಮೊಬೈಲು ಮಾರುವ ಅಂಗಡಿ ಇಟ್ಟಾಗ ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಜಪಾನಿನ ಗಂಧವಂತೂ ಇರಲೇ ಇಲ್ಲ. ಆದರೆ ಯಾವ ಕಥೆ ಒಳ್ಳೆಯದು ಎಂದು ನನಗೆ ಬೇಗ ತಿಳಿಯಿತು. ಪತ್ತೇದಾರಿ ಗೇಮುಗಳನ್ನು ಜನ ಕೊಂಡು ಹೋಗುತ್ತಾರೆ, ಕೊಲೆಗಾರ ಯಾರೆಂದು ಗೊತ್ತಾದ ಕೂಡಲೇ ವಾಪಸು ತಂದು ಮಾರುತ್ತಾರೆ. ಅಪರೂಪಕ್ಕೆ ಒಂದೊಂದು ಮಾತ್ರ ವಾಪಸು ಬರುವುದಿಲ್ಲ. ಯಾಕೆ ಮಾರುವುದಿಲ್ಲ ಎಂದು ಕೇಳಿದರೆ, ‘ಅದರಲ್ಲಿ ಒಂದು ಅಜ್ಜಿ ಉಂಟು’ ಎಂದೋ, ‘ಆ ಪೊಲೀಸಿನವ ಪಾಪದವ’ ಎಂದೋ ಹೇಳುತ್ತಾರೆ. ಕಥೆ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ: ಗುಟ್ಟಿಗೆ ಒಂದೇ ಸಲ ಗಿರಾಕಿ, ಮನುಷ್ಯರಿಗೆ ಕಾಯಂ ಗಿರಾಕಿ.

ಅಂಗಡಿಯ ಎದುರು ಒಂದು ಬೆಂಚು ಹಾಕಿದ್ದೆ. ಸಂಜೆ ಅಲ್ಲಿ ಇಬ್ಬರು ತಪ್ಪದೆ ಬಂದು ಕೂರುತ್ತಿದ್ದರು. ಒಬ್ಬರು ಪಕ್ಕದ ಚಪ್ಪಲಿ ಅಂಗಡಿಯ ಬ್ಯಾರಿ, ನಮಗೆಲ್ಲ ಕಾಕ. ಶಾರ್ಜಾದಲ್ಲಿ ಬಹಳ ವರ್ಷ ಇದ್ದು, ಮಕ್ಕಳು ಓದುವುದನ್ನು ನೋಡುತ್ತಾ ತಾವೂ ಮಾಂಗಾದ ಚಟ ಹತ್ತಿಸಿಕೊಂಡು ಬಂದವರು. ಇನ್ನೊಬ್ಬ ಸಹಕಾರಿ ಬ್ಯಾಂಕಿನ ಗುಮಾಸ್ತ, ಮಂಗಲ್ಪಾಡಿಯವನು, ನಮ್ಮ ಹಾಗೆಯೇ ತುಳು ಮನೆಮಾತಿನವನು, ನನಗಿಂತ ಚಿಕ್ಕವನು.

ಗುಮಾಸ್ತ ಮೊದಲ ಸಲ ನನ್ನಿಂದ ಮಾಂಗಾ ಕೊಂಡದ್ದು ಇವತ್ತಿಗೂ ನೆನಪಿದೆ. ಮರುದಿನವೇ ಪುಸ್ತಕವನ್ನು ಬೆಂಚಿನ ಮೇಲೆ ಬಡಿದ.

“ಎಂತ ಕಥೆ ಅಣ್ಣ ಇದು? ಮೊದಲನೇ ಪುಟದಲ್ಲೇ ಒಂದು ಹೆಂಗಸು ನಾನೇ ಕೊಂದದ್ದು ಹೇಳಿ ಕೂಗ್ತಾಳೆ. ಕೊನೆಗೆ ಎಲ್ಲರೂ ಸೇರಿ ಚಾ ಕುಡೀತಾರೆ!”

ಕಾಕ ಪುಸ್ತಕ ಎತ್ತಿಕೊಂಡು, ಹೊಟ್ಟೆ ಕುಲುಕಿಸಿ ನಕ್ಕು, ಅದನ್ನು ಮಗುಚಿ ಕೊಟ್ಟರು. “ಇದನ್ನು ಬಲಗಡೆಯಿಂದ ಓದ್ಲಿಕ್ಕೆ ಮಾರಾಯ. ನಾವು ಮದ್ರಸದಲ್ಲಿ ಸಣ್ಣದಿರುವಾಗಲೇ ಕಿತಾಬು ಈ ಕಡೆಯಿಂದ ಬಿಡಿಸಿದವರು, ನಮಗೆ ಹೇಳಿಕೊಡುವುದು ಬೇಡ. ನೀನು ಹೆಣದಿಂದ ಶುರು ಮಾಡಿ ಜೀವದ ಹತ್ರ ಬಂದಿದ್ದಿ.”

ಗುಮಾಸ್ತನ ಮುಖ ಕೆಂಪಾಯಿತು. ಆದರೆ ಸೋಲು ಒಪ್ಪುವವನಲ್ಲ. “ಹೀಗೆ ಓದಿದರೂ ಒಂದು ಲಾಭ ಉಂಟು ಕಾಕ. ಅವಳೇ ಮಾಡಿದ್ದು ಅಂತ ಮೊದಲೇ ಗೊತ್ತಲ್ಲ? ಮತ್ತೆ ಅವಳು ಚಾ ಕೊಡುವಾಗ, ನಗುವಾಗ, ಕಿಟಕಿ ಹಾಕುವಾಗ, ಎಲ್ಲದರಲ್ಲೂ ಕೊಲೆಗಾರ್ತಿಯೇ ಕಾಣ್ತಾಳೆ. ನೆಟ್ಟಗೆ ಓದಿದವರಿಗೆ ಅದು ಸಿಗ್ಲಿಕ್ಕಿಲ್ಲ.”

ಅಂದಿನಿಂದ ಅವನಿಗೆ ಅದೇ ಅಭ್ಯಾಸವಾಯಿತು. ಸರಿಯಾದ ದಿಕ್ಕು ತಿಳಿದ ಮೇಲೂ ಕೊನೆಯ ಅಧ್ಯಾಯವನ್ನು ಮೊದಲು ಓದಿ, ಆಮೇಲೆ ಹಿಂದಕ್ಕೆ ಬರುತ್ತಿದ್ದ.

ಇಬ್ಬರಿಗೂ ಅಭಿಪ್ರಾಯದಲ್ಲಿ ಒಂದು ದಿನವೂ ಹೊಂದುತ್ತಿರಲಿಲ್ಲ. ಕಾಕನಿಗೆ ಪಾತ್ರ ಮುಖ್ಯ. ಒಂದು ಗೇಮಿನಲ್ಲಿ ಕೊಲೆ ನಡೆದ ವಸತಿಗೃಹದ ಮುದುಕಿ ದಿನಾ ಬೆಳಿಗ್ಗೆ ಹೊರಗೆ ಬಂದು ಬೆಕ್ಕಿಗೆ ಮೀನಿನ ತಲೆ ಹಾಕುತ್ತಾಳೆ. ಕೊಲೆಗೂ ಅವಳಿಗೂ ಸಂಬಂಧವೇ ಇಲ್ಲ. ಕಾಕ ಆ ಮುದುಕಿಯನ್ನು ನೋಡಲಿಕ್ಕೆಂದೇ ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದರು. ಅದೇ ಗೇಮನ್ನು ಗುಮಾಸ್ತ ಸಿಟ್ಟಿನಿಂದ ತಂದು ಮೇಜಿನ ಮೇಲೆ ಕುಕ್ಕಿದ. ಕೊನೆಯಲ್ಲಿ ಅದು ಕೊಲೆಯೇ ಅಲ್ಲ, ಸತ್ತವನು ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದದ್ದು ಎಂದು ತಿಳಿಯುತ್ತದಂತೆ.

“ಮೋಸ ಅಣ್ಣ. ಕಾಲು ಜಾರಿದ್ದಂತೆ! ಹಾಗಾದರೆ ಇಷ್ಟು ಜನರನ್ನು ಯಾಕೆ ತೋರಿಸ್ಬೇಕಿತ್ತು? ಒಬ್ಬ ಸತ್ತಿದ್ದಾನೆ ಅಂದ್ರೆ ಕೊಂದವ ಇರ್ಲೇಬೇಕು. ಅವ ಮೊದಲಿನಿಂದ ನಮ್ಮ ಕಣ್ಣೆದುರೇ ಇರ್ಬೇಕು. ಹೆಚ್ಚು ಮಾತಾಡದವ ಆಗಿರ್ಬೇಕು. ಇಲ್ಲದಿದ್ದರೆ ಅದು ಕಥೆಯೇ ಅಲ್ಲ.”

“ಆ ಮುದುಕಿ?” ಎಂದರು ಕಾಕ.

“ಮುದುಕಿಯಿಂದ ಎಂತ ಪ್ರಯೋಜನ? ಅವಳು ಕೊಂದದ್ದಲ್ಲವಲ್ಲ.”

ನಾನು ಚೌಕಾಸಿ ಮಾಡಿ ಬೇರೆ ಡಿಸ್ಕು ಕೊಟ್ಟು ಕಳಿಸಿದೆ. ಕಥೆಯ ಜಗಳಕ್ಕೆ ಅಂಗಡಿಯವನು ಪಕ್ಷ ಹಿಡಿಯಬಾರದು. ಇಬ್ಬರೂ ಗಿರಾಕಿಗಳೇ.

ಗುಮಾಸ್ತನ ಅತ್ತಿಗೆ ಊರಿನ ಮನೆಯಲ್ಲೇ ಇದ್ದಳು, ಅಣ್ಣ ಮಸ್ಕತ್ತಿನಲ್ಲಿದ್ದ. ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಮಳೆ ಜೋರಿತ್ತು. ಅವರ ಮನೆಯ ಹಿಂದೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ, ಮಳೆಗಾಲದಲ್ಲಿ ತುಂಬಿ ಕೆರೆಯ ಹಾಗಾಗುತ್ತದೆ. ಒಂದು ಸಂಜೆ ಹೊರಗೆ ಹೋದ ಅಣ್ಣ ಮನೆಗೆ ಬರಲಿಲ್ಲ. ಮರುದಿನ ಕೋರೆಯಿಂದ ತೆಗೆದರು. ಪೊಲೀಸರು ಬಂದರು, ಆಳ ನೋಡಿದರು, ಪಾಚಿ ನೋಡಿದರು. ಕಾಲು ಜಾರಿದ್ದು ಎಂದು ಬರೆದು ಹೋದರು.

ಕ್ರಿಯೆಯೆಲ್ಲ ಮುಗಿದು ಗುಮಾಸ್ತ ಬೆಂಚಿಗೆ ಬಂದಾಗ ಗಡ್ಡ ಬೆಳೆದಿತ್ತು. ಕಾಕ ಅವನಿಗೆ ಚಹಾ ತರಿಸಿದರು. ಅವನು ಗ್ಲಾಸು ಮುಟ್ಟಲಿಲ್ಲ.

“ಚಪ್ಪಲಿ ಜೋಡಿಸಿ ಇಟ್ಟಿತ್ತು ಅಣ್ಣ,” ಎಂದ. “ಕೋರೆಯ ಬದಿಯಲ್ಲಿ, ಒಂದಕ್ಕೊಂದು ತಾಗಿಸಿ. ಕಾಲು ಜಾರಿದವ ಚಪ್ಪಲಿ ಜೋಡಿಸಿ ಇಡ್ತಾನಾ? ತಾನಾಗಿ ಹಾರುವವನಂತೂ ಅಲ್ಲ ಅವ, ಯಾರೋ ತಂದು ಇಟ್ಟದ್ದು.”

ಅವನೇ ಮುಂದುವರಿಸಿದ. ಅಷ್ಟು ಮಳೆಗೆ ಅಣ್ಣ ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಅತ್ತಿಗೆ ಅದೇ ದಿನ ಅಣ್ಣನ ಅಂಗಿ ಒಗೆದು ಹಾಕಿದ್ದಳು. ಎಲ್ಲರೂ ಪೇಟೆ ಕಡೆ ಹುಡುಕುವಾಗ ಕೋರೆ ನೋಡಿ ಎಂದು ಮೊದಲು ಹೇಳಿದ್ದು ಅವಳೇ. ಹೆಣ ತಂದಾಗ ಬೊಬ್ಬೆ ಹಾಕಲಿಲ್ಲ, ಕಂಬ ಹಿಡಿದು ನಿಂತಿದ್ದಳು. ಹೀಗೆ ಹಿಂದೆ ಹಿಂದೆ ಹೋಗಿ ಮದುವೆಯ ಫೋಟೋಕ್ಕೆ ಬಂದು ಮುಟ್ಟಿದ. ಅದರಲ್ಲೂ ಅವಳು ಅಣ್ಣನ ಮುಖ ನೋಡುತ್ತಿಲ್ಲವಂತೆ.

“ಮೊದಲಿನಿಂದ ಕಣ್ಣೆದುರೇ ಇದ್ದಾಳೆ ಕಾಕ. ಮಾತು ಕಮ್ಮಿ.”

ಕಾಕ ಅವನ ಮೊಣಕಾಲಿನ ಮೇಲೆ ಕೈ ಇಟ್ಟರು. “ನೀನು ಪುನಃ ಆ ಕಡೆಯಿಂದ ಓದ್ತಾ ಇದ್ದಿ ಮಾರಾಯ. ಪುಸ್ತಕದಲ್ಲಿ ಚಪ್ಪಲಿ ಇಟ್ಟವ ಪುಸ್ತಕ ಬರೆದವ, ಅದಕ್ಕೆ ಅರ್ಥ ಉಂಟು. ನಿನ್ನ ಅಣ್ಣನ ಚಪ್ಪಲಿಗೆ ಎಂತ ಅರ್ಥ ಇರ್ಬೇಕು ಅಂತ ಯಾರು ಹೇಳಿದ್ದು?”

“ಅರ್ಥ ಇಲ್ಲದೆ ನನ್ನ ಅಣ್ಣ ಸಾಯುವುದಾ?” ಎಂದು ಅವನು ಎದ್ದು ಹೋದ.

ನಮ್ಮ ಜಿಲ್ಲೆಯ ಒಳಭಾಗದಲ್ಲಿ ಒಂದು ದೈವಸ್ಥಾನವಿದೆ. ಕೋರ್ಟಿನಲ್ಲಿ ನಿಲ್ಲದ ಮಾತು ಅಲ್ಲಿ ನಿಲ್ಲುತ್ತದೆ ಎಂದು ನಮ್ಮವರ ನಂಬಿಕೆ. ಯಾರ ಮೇಲೆ ಸಂಶಯವೋ ಅವರ ಹೆಸರು ಹೇಳಿ ದೂರು ಕೊಡಬೇಕು. ಆ ಮನುಷ್ಯನಿಗೆ ಕರೆ ಹೋಗುತ್ತದೆ. ಹೇಳಿದ ದಿನ ಬಂದು, ದೈವದ ಎದುರು ಇದ್ದದ್ದು ಹೇಳಬೇಕು. ಕರೆ ಬಂದರೆ ಹೋಗದೆ ಇರುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ತೀರ್ಮಾನವಾದ ಮೇಲೆ ಎರಡೂ ಕಡೆಯವರು ಪಕ್ಕ ಪಕ್ಕ ಕೂತು ಅಲ್ಲಿಯೇ ಊಟ ಮಾಡಬೇಕು. ಆಮೇಲೆ ಆ ವಿಷಯವನ್ನು ಯಾರೂ, ಯಾವತ್ತೂ ಬಾಯಿಗೆ ತರಬಾರದು.

ಗುಮಾಸ್ತ ಅಲ್ಲಿಗೆ ಹೋಗುತ್ತಾನೆಂದು ತಿಳಿದಾಗ ನಾನು ಅವನ ಮನೆಗೆ ಹೋಗಿ ಅಂಗಳದಲ್ಲೇ ನಿಲ್ಲಿಸಿ ಮಾತಾಡಿದೆ. ಎಷ್ಟೋ ಆಸ್ತಿ ಪಾಲಿನ ಪಂಚಾಯಿತಿಕೆ ಮುಗಿಸಿದವನು ನಾನು. ಎದುರಿನವನಿಗೆ ಪೂರ್ತಿ ಬೇಡ ಎನ್ನಬಾರದು, ಅರ್ಧ ಕೊಡಬೇಕು. ಯಾವ ಮಾತುಕತೆಗೂ ಇದು ಅನ್ವಯಿಸುತ್ತದೆ.

“ದೂರು ಕೊಡು. ಬೇಡ ಹೇಳುವುದಿಲ್ಲ. ಹೆಸರು ಹೇಳ್ಬೇಡ. ಯಾರು ಮಾಡಿದ್ದೋ ಗೊತ್ತಿಲ್ಲ, ನೀನೇ ಕಂಡುಹಿಡಿ ಅಂತ ದೈವಕ್ಕೇ ಬಿಡು. ನಿನ್ನ ಮನಸ್ಸಿಗೂ ಸಮಾಧಾನ, ಆ ಹೆಂಗಸಿನ ಮಾನವೂ ಉಳೀತದೆ.”

“ಹೆಸರು ಇಲ್ಲದೆ ಮುಗಿಯುವುದಿಲ್ಲ ಅಣ್ಣ.”

“ಮುಗಿಯದಿದ್ದರೆ ಎಂತ ಆಗ್ತದೆ?”

“ನನಗೆ ನಿದ್ದೆ ಬರುವುದಿಲ್ಲ,” ಎಂದ. ಅವನ ಹಿಂದೆ, ಅಡುಗೆಮನೆಯ ಬಾಗಿಲಿನ ಆಚೆ, ಅತ್ತಿಗೆ ಅಕ್ಕಿ ಕೇರುವ ಸದ್ದು ಕೇಳುತ್ತಲೇ ಇತ್ತು. ಅದು ನಡುವೆ ಒಮ್ಮೆ ನಿಂತು, ಮತ್ತೆ ಶುರುವಾಯಿತು. ನಾನು ಎಷ್ಟು ಇಳಿಸಿದರೂ ಅವನು ಆ ಹೆಸರಿನಿಂದ ಕೆಳಗೆ ಇಳಿಯಲಿಲ್ಲ.

ಕರೆ ಬಂದ ಮೇಲೆ ಅತ್ತಿಗೆಯೇ ನನ್ನ ಅಂಗಡಿಗೆ ಬಂದಳು. ಮಗಳ ವಯಸ್ಸಲ್ಲ, ತಂಗಿಯ ವಯಸ್ಸು. ತವರು ಎಡನೀರಿನ ಹತ್ತಿರ, ತಂದೆ ಇಲ್ಲ, ಅಣ್ಣ ದೂರದ ಗಲ್ಫಿನಲ್ಲಿ. ಮೈದುನನನ್ನು ಭಾವ ಎಂದೇ ಕರೆಯುವವಳು.

“ಅಣ್ಣ, ಆ ದಿನ ನೀವೂ ಜೀಪು ಮಾಡಿಕೊಂಡು ಬರ್ತೀರಂತಲ್ಲ, ಅದರಲ್ಲಿ ನನಗೆ ಜಾಗ ಉಂಟಾ? ಭಾವನವರ ಒಟ್ಟಿಗೆ ಬಸ್ಸಿನಲ್ಲಿ ಹೇಗೆ ಹೋಗುವುದು?”

“ಉಂಟು,” ಎಂದೆ.

“ಅಲ್ಲಿ ಎಂತ ಹೇಳ್ಬೇಕು?”

“ಇದ್ದದ್ದು ಹೇಳಿ ಸಾಕು.”

“ಇದ್ದದ್ದು ಇಷ್ಟೇ. ನನಗೆ ಗೊತ್ತಿಲ್ಲ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು, “ಅಷ್ಟು ಸಾಕಾಗ್ತದಾ ಅಣ್ಣ, ಅವರಿಗೆ?”

ಆ ದಿನ ಮಳೆ ಬಿಟ್ಟಿತ್ತು. ದೈವಸ್ಥಾನದ ಅಂಗಳದಲ್ಲಿ ಬೇರೆ ಬೇರೆ ಊರಿನವರು ತಮ್ಮ ತಮ್ಮ ಜಗಳ ಹಿಡಿದುಕೊಂಡು ಗುಂಪು ಗುಂಪಾಗಿ ಕೂತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿಯ ಹಿರಿಯರು ಗುಮಾಸ್ತನ ಮಾತನ್ನು ಪೂರ್ತಿ ಕೇಳಿದರು. ಅವನು ಬಹಳ ಚೆನ್ನಾಗಿ ಹೇಳಿದ. ಅಂಗಿ, ಕೊಡೆ, ಕೋರೆ, ಚಪ್ಪಲಿ, ಒಂದರ ಹಿಂದೆ ಒಂದು. ಬೆಂಚಿನ ಮೇಲೆ ಕಥೆ ಬಿಡಿಸಿ ಹೇಳುವಾಗಿನ ಅದೇ ದನಿ. ಕೇಳುತ್ತಿದ್ದ ಪರವೂರಿನ ಜನ ಅತ್ತಿಗೆಯ ಕಡೆ ತಿರುಗಿ ನೋಡತೊಡಗಿದರು.

ಹಿರಿಯರು ಅವಳನ್ನು ಕೇಳಿದರು. ಅವಳು, ನಾನು ಮಾಡಿದ್ದಲ್ಲ, ಹೇಗಾಯಿತೆಂದು ನನಗೆ ಗೊತ್ತಿಲ್ಲ ಎಂದಳು. ಅಂಗಿ ದಿನಾ ಒಗೆಯುತ್ತಿದ್ದೆ ಎಂದಳು. ಸಂಜೆ ಹೊತ್ತು ಕೋರೆಯ ಬದಿಗೆ ಹೋಗಿ ಸುಮ್ಮನೆ ಕೂರುವುದು ಅವರಿಗೆ ರೂಢಿ, ಅದಕ್ಕೇ ಅಲ್ಲಿ ನೋಡಿ ಎಂದದ್ದು. ಕೊಡೆ ಯಾಕೆ ಬಿಟ್ಟು ಹೋದರೋ ತಿಳಿಯದು.

“ಚಪ್ಪಲಿ?” ಎಂದರು ಹಿರಿಯರು.

“ಅದು ಯಾವಾಗಲೂ ಹಾಗೆಯೇ,” ಎಂದಳು. “ಮಸ್ಕತ್ತಿನಲ್ಲಿ ಒಂದು ಕೋಣೆಯಲ್ಲಿ ತುಂಬ ಜನ ಇದ್ದದ್ದಂತೆ. ತಾಗಿಸಿ ಇಡದಿದ್ದರೆ ಬೆಳಿಗ್ಗೆ ಯಾರ ಕಾಲಿಗೋ ಹೋಗ್ತದಂತೆ. ಊರಿಗೆ ಬಂದ ಮೇಲೂ ಬಾವಿಕಟ್ಟೆಯಲ್ಲಿ, ಜಗಲಿಯಲ್ಲಿ, ಎಲ್ಲಿ ಬಿಟ್ಟರೂ ಹಾಗೆಯೇ. ನಾನು ತಮಾಷೆ ಮಾಡ್ತಿದ್ದೆ, ಇಲ್ಲಿ ಯಾರೂ ಕದಿಯುವವರು ಇಲ್ಲ ಅಂತ.” ಹೆಣ ಬಂದ ದಿನ ಬಾರದ ಅಳು ಅಲ್ಲಿ, ಪರವೂರಿನವರ ಎದುರು ಬಂತು.

ಗುಮಾಸ್ತ ಅದೇ ಜಗಲಿಯಲ್ಲಿ ದಿನಾ ಅಣ್ಣನ ಚಪ್ಪಲಿಯ ಪಕ್ಕದಲ್ಲೇ ತನ್ನದನ್ನು ಬಿಡುತ್ತಿದ್ದವನು.

ಅವಳಲ್ಲಿ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಊಟಕ್ಕೆ ಇಬ್ಬರನ್ನೂ ಪಕ್ಕ ಪಕ್ಕ ಕೂರಿಸಿದರು. ನಾನು ಎದುರಿನ ಸಾಲಿನಲ್ಲಿದ್ದೆ. ಅವನ ಕೈ ಎಲೆಯ ಮೇಲೆ ಹಾಗೆಯೇ ನಿಂತಿತ್ತು.

“ಭಾವ, ಊಟ ಮಾಡಿ,” ಎಂದಳು. “ಇಲ್ಲಿಯ ಅನ್ನ ಬಿಡಬಾರದು.”

ವಾಪಸು ಬರುವಾಗ ಚೆರ್ಕಳದಲ್ಲಿ ಜೀಪು ನಿಲ್ಲಿಸಲು ಹೇಳಿದಳು. ಇಳಿದು, ರಸ್ತೆ ದಾಟಿ, ತವರಿನ ಕಡೆಯ ಬಸ್ಸು ಹತ್ತಿದಳು. ಗಂಡನ ಮನೆಯಲ್ಲಿದ್ದ ಸೀರೆಗಳನ್ನು ಕೂಡ ತರಿಸಿಕೊಳ್ಳಲಿಲ್ಲ.

ನಂಬಿಕೆ ಇಲ್ಲದವರಿಗೆ ಇದರ ಕಷ್ಟ ಅರ್ಥವಾಗಲಿಕ್ಕಿಲ್ಲ. ತೀರ್ಮಾನವಾದ ವಿಷಯ ಎತ್ತಬಾರದು ಎಂದರೆ ಯಾವ ಕಾರಣಕ್ಕೂ ಎತ್ತಬಾರದು; ನಾನೂ ಇಲ್ಲಿ ಯಾರ ಹೆಸರೂ ಹಾಕದೆ ಬರೆದದ್ದೇ ಹೊರತು ಬಾಯಿ ಬಿಟ್ಟದ್ದಲ್ಲ. ತಪ್ಪಾಯಿತು ಎಂದು ಹೇಳಬೇಕಾದರೂ ಯಾವ ತಪ್ಪು ಎಂದು ಬಾಯಿ ಬಿಡಬೇಕಲ್ಲ? ಗುಮಾಸ್ತ ಒಮ್ಮೆ ಎಡನೀರಿಗೆ ಹೋದ. ಅವಳು ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು, ಬ್ಯಾಂಕಿನ ಕೆಲಸ ಹೇಗಿದೆ ಎಂದು ಕೇಳಿದಳು. ಅವನು ಮಜ್ಜಿಗೆ ಕುಡಿದು ಎದ್ದು ಬಂದ. “ಮಾತು ಬಾಯಿಯವರೆಗೆ ಬಂದಿತ್ತು ಅಣ್ಣ,” ಎಂದು ನನ್ನ ಹತ್ತಿರ ಅಂದ. ನಾನು ಅವನ ಬಾಯಿಗೆ ಅಡ್ಡ ಕೈ ಹಿಡಿದೆ. ಕೇಳಿದವರಿಗೂ ದೈವದ ಕೋಪ ತಟ್ಟುತ್ತದೆ; ನನಗೂ ಹೆಂಡತಿ ಮಕ್ಕಳು ಇದ್ದಾರೆ.

ಮರುವಾರ ತನ್ನಲ್ಲಿದ್ದ ಮಾಂಗಾ, ಗೇಮು ಎಲ್ಲವನ್ನೂ ಗೋಣಿಯಲ್ಲಿ ತುಂಬಿ ತಂದು ಅಂಗಡಿಯಲ್ಲಿಟ್ಟ. ಬೆಲೆ ಕೇಳಲಿಲ್ಲ. ಚೌಕಾಸಿ ಇಲ್ಲದೆ ನನ್ನ ಕೈಗೆ ಬಂದ ಮಾಲು ಅದೊಂದೇ. ಕಾಕ ಗೋಣಿ ತಡಕಿ, ಮುದುಕಿಯ ಗೇಮು ಅದರಲ್ಲಿ ಉಂಟಾ ಎಂದು ನೋಡಿದರು. ಇರಲಿಲ್ಲ. ಅದನ್ನು ಅವನು ಅಂದೇ ನನಗೆ ವಾಪಸು ಕೊಟ್ಟಿದ್ದನಲ್ಲ.

ಬೆಂಚಿಗೆ ಬರುವುದನ್ನು ಮಾತ್ರ ಅವನು ಬಿಡಲಿಲ್ಲ. ಆಮೇಲೆ ಡಿಸ್ಕುಗಳ ಕಾಲ ಮುಗಿದು ಎಲ್ಲವೂ ಮೊಬೈಲಿಗೆ ಬಂತು, ಕಾಕ ತೀರಿಕೊಂಡರು. ಮಂಜೇಶ್ವರದ ಕಡೆಯ ಕಾಲೇಜಿನ ಹುಡುಗರು ಬೆಂಚಿನಲ್ಲಿ ಕೂತು ಜಗಳಾಡತೊಡಗಿದರು. ಒಂದು ಸಂಜೆ ಅವರಲ್ಲಿ ಇಬ್ಬರು ಯಾವುದೋ ಪತ್ತೇದಾರಿ ಗೇಮನ್ನು ಬೈಯುತ್ತಿದ್ದರು. ಕೊನೆಯವರೆಗೂ ಯಾರು ಕೊಂದದ್ದೆಂದು ಹೇಳುವುದೇ ಇಲ್ಲವಂತೆ.

“ಸತ್ತವನ ಹೆಂಡತಿಯ ಮೇಲೆ ಡೌಟು ಬರುವ ಹಾಗೆ ಮಾಡ್ತಾನೆ ಅಣ್ಣ ಕಥೆ ಬರೆದವ, ಮತ್ತೆ ಅವಳಲ್ಲ ಅಂತಾನೆ. ಅಲ್ಲಿಗೆ ಬಿಟ್ಟ. ಇದೊಂದು ಕಥೆಯಾ?” ಎಂದ ಒಬ್ಬ.

ಗುಮಾಸ್ತ ಕೇಳಿದ, “ಅವಳಿಗೆ ಮತ್ತೆ ಎಂತ ಆಯ್ತು?”

“ಯಾರಿಗೆ?”

“ಆ ಹೆಂಡತಿಗೆ.”

“ಅದು ಯಾರಿಗೆ ಬೇಕು ಅಣ್ಣ? ಅವಳು ಕೊಂದದ್ದಲ್ಲವಲ್ಲ,” ಎಂದು ಆ ಹುಡುಗ ನಕ್ಕ.

ಗುಮಾಸ್ತ ಕೆಳಗೆ ಬಗ್ಗಿ, ಬೆಂಚಿನ ಅಡಿಯಲ್ಲಿ ತಾಗಿಸಿ ಇಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟ.