ಬೆಳಕಿನ ಮದ್ದು ಎಂದು ನಾನು ಹೇಳಿದ್ದು

ಕಾರವಾರದ ಕಣ್ಣಿನ ದವಾಖಾನೆಯಲ್ಲಿ ಅತ್ತೆಯನ್ನು ಯಂತ್ರದ ಮುಂದೆ ಕೂರಿಸಲು ನಾನೊಂದು ಸುಳ್ಳು ಹೇಳಿದೆ. ದೊಡ್ಡ ಸುಳ್ಳೇನಲ್ಲ, ಎರಡೇ ಶಬ್ದ. ಆ ಹೊತ್ತಿಗೆ ಅದು ಸುಳ್ಳು ಅಂತಲೂ ಅನಿಸಲಿಲ್ಲ, ಅಳುವ ಮಗುವಿನ ಕೈಗೆ ಚಮಚ ಕೊಟ್ಟ ಹಾಗೆ ಅನಿಸಿತು.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಬಲಗಣ್ಣಿನ ಒಳಗೆ ರಕ್ತ ಸೋರಿ, ದೂರದ ಊರಿಗೆ ಕರೆದುಕೊಂಡು ಹೋಗಿ ಆಪರೇಶನ್ ಮಾಡಿಸಿದ್ದೆವು. ನೋಟ ತಿರುಗಿ ಬರಲಿಲ್ಲ. ಡಾಕ್ಟರ ತಪ್ಪೇನೂ ಇರಲಿಲ್ಲ, ನಾವು ಹೋದದ್ದೇ ತಡವಾಗಿ. ಆದರೆ ಅತ್ತೆಯ ಪ್ರಕಾರ ನಡೆದದ್ದೇ ಬೇರೆ. "ಮಸಕು ಮಸಕಾದ್ರೂ ಕಾಣ್ತಿತ್ತು. ಅವ್ರು ಮುಟ್ಟಿದ್ರು, ಪೂರ್ತಿ ಹೋಯ್ತು" ಎನ್ನುತ್ತಿದ್ದರು. ಆಮೇಲೆ ಎಡಗಣ್ಣಿನ ಹತ್ತಿರ ಯಾರ ಕೈಯನ್ನೂ ಬಿಡಲಿಲ್ಲ. ಕಸ ಬಿದ್ದರೂ ತಾವೇ ಸೆರಗಿನ ತುದಿಯಿಂದ ತೆಗೆದುಕೊಳ್ಳುತ್ತಿದ್ದರು.

ಉಳಿದ ಆ ಒಂದು ಕಣ್ಣನ್ನು ಕಾಯಬೇಕು ಎಂದು, ಅಂಕೋಲೆಯಿಂದ ಬಸ್ಸು ಹತ್ತಿಸಿ ಹೇಗೋ ಕಾರವಾರದವರೆಗೆ ಕರೆತಂದಿದ್ದೆ. ಬಿಳಿ ಯಂತ್ರದ ಮುಂದೆ ಗದ್ದ ಇಡಲು ಒಂದು ಚಿಕ್ಕ ತಟ್ಟೆ, ಹಣೆ ಒತ್ತಲು ಒಂದು ಪಟ್ಟಿ. ಅತ್ತೆ ಕುರ್ಚಿಯ ಕೈ ಹಿಡಿದವರು ಬಿಡಲೊಲ್ಲರು.

"ನಾ ಅಲ್ಲಿ ಗದ್ದ ಇಡೂದಿಲ್ಲ ತಂಗೀ. ಮನೆಗೆ ನಡಿ."

"ಅತ್ತೆ, ಯಾರೂ ಮುಟ್ಟೂದಿಲ್ಲ. ಸೂಜಿ ಇಲ್ಲ, ಕತ್ರಿ ಇಲ್ಲ. ಬರೀ ಬೆಳಕು. ಬೆಳಕಿನ ಮದ್ದು ಅಂದ್ಕೊಳ್ಳಿ" ಎಂದೆ.

'ಅಂದ್ಕೊಳ್ಳಿ' ಎಂದಿದ್ದೆನಲ್ಲ, ಆ ಒಂದು ಮಾತನ್ನು ನನ್ನ ಪರ ಸಾಕ್ಷಿಯ ಹಾಗೆ ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಅತ್ತೆ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿಯ ಕೈ ಬಿಟ್ಟರು. ಯಂತ್ರ ನಡೆಸುವ ಹುಡುಗಿ, "ಅಜ್ಜಿ, ಒಳಗೆ ನೀಲಿ ನಕ್ಷತ್ರ ಕಾಣ್ತದಾ? ಅದನ್ನೇ ನೋಡಿ, ರೆಪ್ಪೆ ಬಡೀಬೇಡಿ" ಎಂದಳು.

"ಕಾಣ್ತದೆ ಕಾಣ್ತದೆ. ಹಗಲೊತ್ತಲ್ಲಿ ನಕ್ಷತ್ರ ಮದ್ವೆಯಾದ ವರ್ಷ ಕಂಡಿದ್ದೆ, ಮತ್ತೆ ಇವತ್ತೇ."

ಹುಡುಗಿ ನಕ್ಕಳು. ಕೆಂಪು ಗೆರೆಯೊಂದು ಅತ್ತೆಯ ಕಣ್ಣಿನ ಮೇಲೆ ಸರಿದು ಹೋಯಿತು. ಪರದೆಯ ಮೇಲೆ ಮೂಡಿದ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಕಣ್ಣಿನ ಹಿಂದಿನ ಗೋಡೆಯನ್ನು ಅಡ್ಡಕ್ಕೆ ಕೊಯ್ದು ತೋರಿಸಿದಂತೆ ಬೂದು, ಬಿಳಿ, ಕಪ್ಪು ಪದರಗಳು ಒಂದರ ಮೇಲೊಂದು. ನಟ್ಟನಡುವೆ ಬೆರಳಿಂದ ಒತ್ತಿದಂಥ ಒಂದು ಸಣ್ಣ ತಗ್ಗು. ಸೂಕ್ಷ್ಮವಾದದ್ದನ್ನೆಲ್ಲ ನಾವು ನೋಡುವುದು ಆ ತಗ್ಗಿನಿಂದಲೇ ಎಂದು ಡಾಕ್ಟರು ಹೇಳಿದರು. ಬೆಳಕು ಒಳಗೆ ಹೋಗಿ ಪ್ರತಿ ಪದರಕ್ಕೂ ತಾಗಿ ತಿರುಗಿ ಬರುತ್ತದೆ, ಯಾವ ಆಳದಿಂದ ಬಂತು ಎಂಬುದನ್ನು ಯಂತ್ರ ಗುರುತಿಸಿ ಚಿತ್ರ ಬರೆಯುತ್ತದೆ ಎಂದೂ ವಿವರಿಸಿದರು. ಅವರು ಹೊರಗಿನಿಂದ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

"ಸದ್ಯಕ್ಕೆ ಚೆನ್ನಾಗಿದೆ. ಎರಡು ತಿಂಗಳಿಗೊಮ್ಮೆ ಬಂದು ನೋಡಿಸಿ. ನಡುವೆ ಗೆರೆಗಳು ಸೊಟ್ಟ ಕಂಡರೆ, ಸಣ್ಣ ಕೆಲಸಕ್ಕೆ ತೊಡಕಾದರೆ, ಅವತ್ತೇ ಬನ್ನಿ. ಅವರಿಗೆ ಗೊತ್ತಾಗದಿರಬಹುದು. ಮನೆಯಲ್ಲಿ ನೀವು ಗಮನಿಸುತ್ತಿರಬೇಕು" ಎಂದರು.

"ಎಂತ ಹೇಳಿದ್ರು?" ಎಂದು ಅತ್ತೆ ಕೇಳಿದರು.

"ಚೆನ್ನಾಗಿದೆ ಅಂದ್ರು. ಎರಡು ತಿಂಗ್ಳಿಗೊಂದ್ಸಲ ಬೆಳಕು ಹಾಕಿಸ್ಕೊಳ್ಳಬೇಕಂತೆ."

ಈ ಸಲ 'ಅಂದ್ಕೊಳ್ಳಿ' ಕೂಡ ಇರಲಿಲ್ಲ.

ವಾಪಸು ಬರುವಾಗ, ತಾವೇ ಹನಿ ಹಾಕಿಕೊಂಡು ಪಾಪೆ ಅಗಲವಾದ ಕಣ್ಣಿಗೆ ಬಿಸಿಲು ಚುಚ್ಚುತ್ತದೆ ಎಂದು ಅತ್ತೆ ಸೆರಗು ಇಳಿಬಿಟ್ಟು ಕೂತಿದ್ದರು. ಬಸ್ಸು ಸುರಂಗದೊಳಗೆ ಹೊಕ್ಕಾಗ ಮಾತ್ರ ಸೆರಗು ಸರಿಸಿ, "ಇಲ್ಲಿ ತಂಪು ಕಾಣು" ಎಂದರು. ಸುರಂಗ ದಾಟಿ ಬಿಣಗಾ ಬರುತ್ತಿದ್ದಂತೆ ಮತ್ತೆ ಮುಚ್ಚಿಕೊಂಡರು. ತೋಡೂರಿನ ಹತ್ತಿರ ನನ್ನ ಮೊಣಕೈ ತಟ್ಟಿ, "ಒಳ್ಳೇ ಮದ್ದು ಅದು. ಒಂದ್ ಚೂರೂ ಉರೀಲಿಲ್ಲ" ಎಂದರು. ನಾನು ಹೂಂ ಅಂದೆ.

ಹೀಗೆ ಎರಡು ತಿಂಗಳಿಗೊಮ್ಮೆ ಹೋಗುವುದು ನಡೆಯಿತು. ಅತ್ತೆ ಹಿಂದಿನ ದಿನವೇ ಸೀರೆ ತೆಗೆದಿಡುತ್ತಿದ್ದರು, ತುರುಬಿಗೆ ಅಬ್ಬಲಿಗೆ ಮುಡಿಯುತ್ತಿದ್ದರು. ಪಕ್ಕದ ಮನೆಯವರಿಗೆ, "ನಂಗೆ ನಾಳೆ ಬೆಳಕಿನ ಮದ್ದು" ಎಂದು ಹೇಳಿಬರುತ್ತಿದ್ದರು. ಚಹಾಕ್ಕೆ ಬೆಲ್ಲದ ತುಂಡು ಹಾಕಿಕೊಳ್ಳುವುದನ್ನು ನಾನು ಕಂಡರೆ, "ಒಳಗೆ ಬೆಳಕದೆ, ಒಂದ್ ತುಂಡು ಬೆಲ್ಲ ಎಂತ ಮಾಡ್ತದೆ?" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನನ್ನ ಯಜಮಾನರು ಒಮ್ಮೆ, "ಅಮ್ಮನಿಗೆ ಸರಿಯಾಗಿ ಹೇಳಿಬಿಡು, ಅದು ಬರೀ ಪರೀಕ್ಷೆ ಅಂತ" ಎಂದಿದ್ದರು. "ಹೇಳಿದ್ರೆ ಬರೂದೇ ಇಲ್ಲ" ಎಂದೆ. ಅದೂ ನಿಜವೇ. ಆದರೆ ಇನ್ನೊಂದು ನಿಜವೂ ಇತ್ತು. ಪದರ, ತಗ್ಗು, ತಿರುಗಿ ಬರುವ ಬೆಳಕು, ಇವೆಲ್ಲ ಮಂಜಗುಣಿಯ ಗದ್ದೆಯಲ್ಲಿ ಬೆಳೆದ, ಶಾಲೆ ಮೆಟ್ಟಿಲು ಹತ್ತದ ಅತ್ತೆಗೆ ತಿಳಿಯುವ ವಿಷಯವಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಕಾನ್ವೆಂಟಿನಲ್ಲಿ ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯರು ತಿಂಗಳಿಗೊಮ್ಮೆ ಸಾಲಾಗಿ ಇಗರ್ಜಿಗೆ ಹೋಗಿ, ಒಂದು ಸಣ್ಣ ಜಾಲರಿಯ ಆಚೆ ಕೂತ ಪಾದ್ರಿಗೆ ತಮ್ಮ ತಪ್ಪು ಹೇಳಿ ಬರುತ್ತಿದ್ದರು. ಬರುವಾಗ ಅವರ ಮುಖ ತೊಳೆದ ಹಾಗಿರುತ್ತಿತ್ತು. ನಾವು ಕೆಲವು ಹಿಂದೂ ಹುಡುಗಿಯರು ಅಷ್ಟು ಹೊತ್ತು ಮಾರಲ್ ಸೈನ್ಸ್ ಪುಸ್ತಕ ತೆಗೆದು ಕೂತಿರುತ್ತಿದ್ದೆವು. ನಮಗೆ ಅಂಥದ್ದೊಂದು ಜಾಲರಿ ಯಾಕಿಲ್ಲ ಎಂದು ನನಗೆ ಆಗಲೇ ಹೊಟ್ಟೆಕಿಚ್ಚಾಗುತ್ತಿತ್ತು.

ಕಳೆದ ವರ್ಷ ಮಳೆ ಬಿಟ್ಟ ಮೇಲೆ, ಒಂದು ಶುಕ್ರವಾರ, ಅತ್ತೆ ಕಟ್ಟಿದ ಮಾಲೆಯಲ್ಲಿ ಒಂದು ಹೂ ತಲೆಕೆಳಗಾಗಿತ್ತು.

ದೇವರ ಪಟಕ್ಕೆ ಮಾಲೆ ಕಟ್ಟುವುದು ನಮ್ಮ ಮನೆಯಲ್ಲಿ ಅತ್ತೆಯ ಕೆಲಸ. ಹಿತ್ತಿಲಿನ ಅಬ್ಬಲಿಗೆ ಬಿಡಿಸಿ ತಂದು, ಬಾಳೆನಾರನ್ನು ಬಟ್ಟಲ ನೀರಿನಲ್ಲಿ ನೆನೆಹಾಕಿ, ಎರಡು ಹೂ ಈಚೆ, ಎರಡು ಹೂ ಆಚೆ ಇಟ್ಟು ಬಿಗಿಯುತ್ತ ಹೋದರೆ ಅಳತೆಪಟ್ಟಿ ಇಟ್ಟು ಕಟ್ಟಿದಂತಿರುತ್ತಿತ್ತು. ಆ ಶುಕ್ರವಾರ ಒಂದು ಹೂ. ಮುಂದಿನ ವಾರ ಮೂರು, ನಡುವೆ ಒಂದು ಕಡೆ ಬರೀ ನಾರು. ನಾನು ಮಾಲೆಯನ್ನು ಅಡುಗೆಮನೆಗೆ ತಂದು, ತೊಳೆಯುವ ಕಟ್ಟೆಯ ಹತ್ತಿರ ನಿಂತು, ಬಿಚ್ಚಿ ಮತ್ತೆ ಕಟ್ಟಿ ಪಟಕ್ಕೆ ಹಾಕಿದೆ. ಅವರಿಗೆ ಬೇಜಾರಾಗಬಾರದು ಎಂದು.

ಆಮೇಲೆ ಪ್ರತಿ ಶುಕ್ರವಾರವೂ ಅದೇ ಆಯಿತು. ಅತ್ತೆ ಬಂದು ಪಟದ ಮೇಲಿನ ಮಾಲೆಯನ್ನು ಬೆರಳಿನಿಂದ ಉದ್ದಕ್ಕೂ ಸವರಿ, ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಕಣ್ಣು ಹೋಗಿದ್ರೆ ಇಷ್ಟು ಸಾಪಾಗಿ ಬರ್ತಿತ್ತಾ?"

ನಾನು ಬೇರೆಯೂ ಕಂಡಿದ್ದೆ. ಚಹಾ ಬಗ್ಗಿಸುವಾಗ ಲೋಟದ ಅಂಚಿನ ಒಳಗೆ ಬೆರಳು ಇಟ್ಟುಕೊಳ್ಳುತ್ತಿದ್ದರು. ನನ್ನ ಮುಖ ನೋಡುವಾಗ ಕುತ್ತಿಗೆ ಒಂದಿಷ್ಟು ಓರೆ ಮಾಡುತ್ತಿದ್ದರು. ಡಾಕ್ಟರು ಹೇಳಿದ್ದು ನೆನಪಿರಲಿಲ್ಲ ಎಂದಲ್ಲ. ಹೇಗೂ ಹೋಗುವ ದಿನ ಬಂತಲ್ಲ, ಆಗಲೇ ತೋರಿಸಿದರಾಯಿತು ಎಂದುಕೊಂಡೆ. ಆ ದಿನ ಬಂದಾಗ ಕಾರವಾರದಲ್ಲಿ ನಮ್ಮ ಶಾಲೆಯ ಗೆಳತಿಯರು ಕೂಡುವುದಿತ್ತು. ಎಷ್ಟೋ ವರ್ಷದ ಮೇಲೆ. ಅತ್ತೆಯದನ್ನು ಮೂರು ವಾರ ಮುಂದೆ ಹಾಕಿ, ಅದೇ ಬಸ್ಸಿನಲ್ಲಿ, ಅತ್ತೆ ಕೂರುವ ಕಿಟಕಿಯ ಪಕ್ಕದಲ್ಲೇ ಕೂತು ಹೋದೆ. ಫೋಟೋಗಳಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಮೂರು ವಾರದ ನಂತರ ಯಂತ್ರದ ಹುಡುಗಿ ಎಂದಿನಂತೆ ನಕ್ಷತ್ರ ನೋಡಲು ಹೇಳಿದಳು.

"ಇವತ್ತು ನೀನು ನಕ್ಷತ್ರ ಹಾಕ್ಲೇ ಇಲ್ಲಲ್ಲ ಮಗಾ" ಎಂದರು ಅತ್ತೆ.

ಹುಡುಗಿ ನನ್ನ ಕಡೆ ನೋಡಿದಳು. ಪರದೆಯ ಮೇಲೆ ಆ ಸಣ್ಣ ತಗ್ಗು ಇರಲಿಲ್ಲ. ಅದಿದ್ದ ಜಾಗ ಉಬ್ಬಿ, ಒಳಗೆ ಕಪ್ಪು ಬೊಬ್ಬೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಪದರದೊಳಗೆ ನೀರು ಸೋರಿ ತುಂಬಿದೆ, ಇವತ್ತೇ ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ಇನ್ನೂ ತಡ ಮಾಡಿದರೆ ಈ ಕಣ್ಣೂ ಕೈಬಿಟ್ಟು ಹೋಗಬಹುದು ಎಂದರು ಡಾಕ್ಟರು. ಆಮೇಲೆ ಅತ್ತೆಯ ಕಡೆ ತಿರುಗಿ, ಇಷ್ಟರಲ್ಲಿ ಕಲಿತ ಕನ್ನಡದಲ್ಲಿ ಕೇಳಿದರು: "ಅಜ್ಜಿ, ಅಕ್ಕಿ ಆರಿಸೋಕೆ, ಹೂ ಕಟ್ಟೋಕೆ ಕಷ್ಟ ಆಗ್ತಿರಲಿಲ್ವಾ?"

"ಎಂತದೂ ಇಲ್ಲ. ಮೊನ್ನೆ ಶುಕ್ರವಾರದ ಮಾಲೆ ಹೆಂಗಿತ್ತು ಅಂತ ಇವಳನ್ನೇ ಕೇಳಿ."

ಡಾಕ್ಟರು ನನ್ನನ್ನು ನೋಡಿದರು. ನಾನು ಕೈಚೀಲದ ಜಿಪ್ಪನ್ನು ನೋಡಿದೆ.

ಕಣ್ಣಿಗೆ ಇಂಜೆಕ್ಷನ್ ಎಂದು ಡಾಕ್ಟರು ಅವರಿಗೂ ಹೇಳಿದ್ದೇ ಅತ್ತೆ ಎದ್ದು ನಿಂತರು. "ಸೂಜಿ ಬೇಡ. ಕಡಿಮೆ ಬಿದ್ದಿದ್ರೆ ಇವತ್ತು ಬೆಳಕನ್ನೇ ಎರಡು ಸಲ ಹಾಕಿ."

"ಯಾವ ಬೆಳಕು?" ಎಂದರು ಡಾಕ್ಟರು.

ಐದು ನಿಮಿಷ ಕೊಡಿ ಎಂದು ಕೇಳಿಕೊಂಡೆ. ಡಾಕ್ಟರೂ ಹುಡುಗಿಯೂ ಪರದೆ ಹಾಗೇ ಬಿಟ್ಟು ಹೊರಗೆ ಹೋದರು. ಅತ್ತೆಯನ್ನು ಕೂರಿಸಿ, ನಾನು ಹುಡುಗಿಯ ಸ್ಟೂಲಿನ ಮೇಲೆ ಕೂತೆ.

"ಅತ್ತೆ, ಅದು ಮದ್ದಲ್ಲ. ಮೊದ್ಲಿಂದ್ಲೂ ಅಲ್ಲ. ಬೆಳಕು ಬಿಟ್ಟು ಕಣ್ಣಿನ ಒಳಗಿನ ಫೋಟೋ ತೆಗೀತಾರೆ, ಅಷ್ಟೇ. ನೀವು ಬರ್ಲಿ ಅಂತ ನಾನು ಹಾಗೆ ಹೇಳಿದ್ದೆ."

ಅವರ ಮುಖ ಪರದೆಯ ಕಡೆ ಓರೆಯಾಗಿ ತಿರುಗಿತ್ತು. ಏನಾದರೂ ಕಾಣುತ್ತಿತ್ತೋ ಇಲ್ಲವೋ. ಹೇಗೆ ಹೇಳುವುದು ಎಂದು ತೋಚದೆ ಕೊನೆಗೆ ಅವರ ತವರಿನ ಗದ್ದೆಯನ್ನೇ ಹಿಡಿದೆ. ಮಂಜಗುಣಿಯಲ್ಲಿ ನದಿ ಸಮುದ್ರ ಸೇರುವಲ್ಲಿ ಅವರ ಅಪ್ಪನ ಗಜನಿ ಇತ್ತು. ಭರತದಲ್ಲಿ ಏರುವ ಸಮುದ್ರದ ನೀರು ಒಳಗೆ ಬಾರದ ಹಾಗೆ ಮಣ್ಣಿನ ಕಟ್ಟೆ ಕಟ್ಟಿ, ಕಗ್ಗ ಭತ್ತ ಬೆಳೆಯುವ ಗದ್ದೆ.

"ಗಜನಿ ಕಟ್ಟೆಯಲ್ಲಿ ಸಣ್ಣ ತೂತು ಬಿದ್ದು ಉಪ್ಪುನೀರು ಒಳಗೆ ಜಿನುಗಿದ ಹಾಗಾಗಿದೆ. ಮೇಲಿಂದ ನೋಡಿದ್ರೆ ಗೊತ್ತಾಗೂದಿಲ್ಲ. ಈ ಯಂತ್ರ ಗದ್ದೆಯನ್ನ ಅಡ್ಡಕ್ಕೆ ಕಡಿದ ಹಾಗೆ ತೋರಿಸ್ತದೆ. ಮಣ್ಣಿನ ಕೆಳಗೆ ನೀರು ನಿಂತಿದೆ."

"ಬೇರು ಕೊಳೀತದೆ" ಎಂದರು ಅತ್ತೆ, ತಕ್ಷಣ.

"ಹೌದು."

"ಸೂಜಿ ಕಟ್ಟೆ ಮುಚ್ಚೂಕೆ?"

"ಹೌದು."

"ಹಂಗಾರೆ ಇಷ್ಟು ದಿವ್ಸ ನಾವು ಕಟ್ಟೆ ಮೇಲೆ ದೀಪ ಹಿಡ್ಕಂಡು ನೋಡ್ತಾ ಇದ್ದದ್ದು ಮಾತ್ರ." ಆಮೇಲೆ, "ಇದನ್ನ ಅವತ್ತೇ ಹೇಳಿದ್ರೆ ನಂಗೆ ತಿಳೀತಿರ್ಲಿಲ್ಲಾ ತಂಗೀ?" ಎಂದರು.

ಬೈದಿದ್ದರೆ ಸಹಿಸಬಹುದಿತ್ತು. ಅದು ಬೈಗುಳವಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ತಿಳಿಯುತ್ತಿತ್ತು. ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ, ಅರ್ಧ ನಿಮಿಷದಲ್ಲಿ ತಿಳಿದಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಇನ್ನೊಂದು ಸುಳ್ಳನ್ನು ಮನೆಗೆ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. "ಮಾಲೆ ಕೂಡ ಅತ್ತೆ" ಎಂದೆ. "ಎರಡು ತಿಂಗ್ಳಿಂದ ಹೂ ತಪ್ತಾ ಇತ್ತು. ನಾನು ಬಿಚ್ಚಿ ಕಟ್ತಿದ್ದೆ."

ಆಗ ಅವರು ನನ್ನ ಕಡೆ ತಿರುಗಿದರು.

"ಪಟದ ಮೇಲೆ ಇದ್ದದ್ದು ನಿಂದಾ ಹಂಗಾರೆ?"

"ಹೌದು."

"ನಾ ಸವರಿ ನೋಡಿ ಖುಷಿ ಪಟ್ಟದ್ದು?"

ಹೊರಗೆ ಯಾರದೋ ಹೆಸರು ಕೂಗಿದರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ನಡಿ. ನೀರು ಒಳಗೆ ಬಂದ್ಮೇಲೆ ಕೂತ್ಕಂಡು ಎಂತ ಮಾಡೂದು" ಎಂದರು. ಸೂಜಿಯ ಕೋಣೆಯ ಬಾಗಿಲವರೆಗೂ ನನ್ನ ಕೈ ಹಿಡಿಯಲಿಲ್ಲ, ಗೋಡೆ ಹಿಡಿದು ಹೋದರು.

ಅದಾದ ಮೇಲೆ ತಿಂಗಳಿಗೊಂದರಂತೆ ಸೂಜಿ ಹಾಕಿಸಿಕೊಂಡರು. ಚಿತ್ರದಲ್ಲಿ ಕಪ್ಪು ಬೊಬ್ಬೆಗಳು ಕುಗ್ಗಿದವು, ತಗ್ಗು ಅರೆಬರೆ ತಿರುಗಿ ಬಂತು. ನೋಟ ಅಷ್ಟು ಬರಲಿಲ್ಲ. ಮನುಷ್ಯರನ್ನು ಗುರುತು ಹಿಡಿಯುತ್ತಾರೆ, ಹೊಸ್ತಿಲು ಕಾಣುತ್ತದೆ. ಅಕ್ಕಿಯೊಳಗಿನ ಕಲ್ಲು ಕಾಣುವುದಿಲ್ಲ. ಮೊದಲೇ ಬಂದಿದ್ದರೆ ಪೂರ್ತಿ ಉಳಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಿದೆ. "ಹೇಳಲಿಕ್ಕಾಗುವುದಿಲ್ಲ" ಎಂದರು. ನನಗೆ ನೋವಾಗಬಾರದು ಎಂದು ಹಾಗೆ ಹೇಳಿದರೇನೋ. ಹಾಗಿದ್ದರೆ ಅವರೂ ನನ್ನಂಥವರೇ.

ಅತ್ತೆ ಈ ಸಂಗತಿಯನ್ನು ಮಗನ ಹತ್ತಿರವೂ ಎತ್ತಲಿಲ್ಲ. ಒಂದು ದಿನ ಪಕ್ಕದ ಮನೆಯವರು, "ಬೆಳಕಿನ ಮದ್ದು ಬಿಟ್ರಾ ಹೇಗೆ?" ಎಂದು ಕೇಳಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. "ಅದರ ಕೋರ್ಸು ಮುಗೀತು, ಈಗ ಬೇರೆ" ಎಂದರು, ನನ್ನ ಕಡೆ ನೋಡದೆ. ನನಗೋಸ್ಕರ ಅವರು ಹೇಳಿದ ಸುಳ್ಳು ಅದು. ನನ್ನದಕ್ಕಿಂತ ಅದು ಭಾರ.

ಈಗಲೂ ಶುಕ್ರವಾರ ಮಾಲೆ ಅವರೇ ಕಟ್ಟುತ್ತಾರೆ. ಮುಗಿದ ಮೇಲೆ ನನ್ನನ್ನು ಕರೆದು ಕೈಗೆ ಕೊಡುತ್ತಾರೆ.

"ನೋಡಿ ಹೇಳು. ಖರೇ ಹೇಳು."

ಕಳೆದ ವಾರ ನಾನು ಮಾಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹೂ ನೋಡಿದೆ. "ಏಳನೇ ಕಟ್ಟಿನಲ್ಲಿ ಒಂದು ತಲೆಕೆಳಗಾಗಿದೆ. ಕೊನೆಯಲ್ಲಿ ಒಂದು ಕಡೆ ಹೂವೇ ಇಲ್ಲ" ಎಂದೆ.

ಅತ್ತೆ ಮಾಲೆ ವಾಪಸು ತೆಗೆದುಕೊಂಡು, ತುದಿಯಿಂದ ಕಟ್ಟುಗಳನ್ನು ಬೆರಳಿನಲ್ಲಿ ಎಣಿಸುತ್ತ ಏಳರವರೆಗೆ ಬಿಚ್ಚಿದರು. ನನ್ನ ಕೈ ತಾನಾಗಿ ಬಾಳೆನಾರಿನ ಬಟ್ಟಲಿನ ಕಡೆ ಹೋಯಿತು. ಅವರು ಬಟ್ಟಲನ್ನು ಎತ್ತಿ ತಮ್ಮ ಆಚೆ ಬದಿಗೆ ಇಟ್ಟುಕೊಂಡರು.