ಬಾಯಿ ತಾಗುವ ಅತ್ತಿಗೆ

ಮೊನ್ನೆ ಶಿರಸಿ ಪೇಟೆಯ ಅಂಗಡಿಯಲ್ಲಿ ಬೇವಿನೆಣ್ಣೆಯ ಡಬ್ಬಿ ತೆರೆದರು. ಆ ಕಟು ವಾಸನೆಗೆ ಆಚೆಮನೆ ಅತ್ತಿಗೆ ನೆನಪಾದಳು...

ತೊಂಬತ್ತರ ದಶಕದಲ್ಲಿ ನಾನು ಯಲ್ಲಾಪುರ ಕಡೆಯಿಂದ ಸಿದ್ದಾಪುರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಮನೆಯಲ್ಲಿ ಕೆಲಸ ಜಾಸ್ತಿ, ಮಾತು ಕಡಿಮೆ. ಬೇಲಿಯಾಚೆ ಒಂಟಿಯಾಗಿದ್ದ ವಿಧವೆ, ನಾನು ಅತ್ತಿಗೆ ಎಂದು ಕರೆಯುತ್ತಿದ್ದ ಅವಳೊಬ್ಬಳೇ ದಿನವೂ "ಊಟ ಆತನೇ ತಂಗಿ?" ಎಂದು ಕೇಳುತ್ತಿದ್ದಳು. ಆ ಒಂದು ಮಾತಿಗೆ ನಾನು ಬೆಳಗಿನಿಂದ ಕಾಯುತ್ತಿದ್ದೆ.

ಒಂದು ದಿನ ನಮ್ಮ ಹಸು ಮೇವು ಮುಟ್ಟದೆ, ಬಾಯಿ ಚಪ್ಪರಿಸುತ್ತ ಜೊಲ್ಲು ಸುರಿಸುತ್ತಿತ್ತು. ಮುಳ್ಳು ಚುಚ್ಚಿರಬೇಕೆಂದು ಅತ್ತೆ ಸುಮ್ಮನಾದರು. ಅತ್ತಿಗೆ ಬೇಲಿಯಿಂದಲೇ ನೋಡಿದಳು. ಹಸು ಕಾಲು ಕೊಡವುತ್ತಿದ್ದುದನ್ನು ತೋರಿಸಿ, "ಮುಳ್ಳಲ್ಲ ತಂಗಿ, ಇದು ಕಾಲುಬಾಯಿ ಜ್ವರ. ನಾಲಿಗೆ ಮೇಲೆ ಗುಳ್ಳೆ ಇದ್ದಾ ನೋಡು. ಕರುವಿಗೆ ಮೊಲೆ ಬಿಡಡಿ, ಸತ್ತು ಹೋಗ್ತು" ಎಂದಳು.

ಅತ್ತೆಗೆ ಸಿಟ್ಟು ಬಂತು. ಹಾಲಿಳಿಯಲೆಂದು ಮೊದಲು ಕರು ಬಿಡುವುದು ವಾಡಿಕೆ, ಅತ್ತಿಗೆ ಬೇಡವೆಂದರೂ ಅಂದೂ ಬಿಟ್ಟರು. ವಾರ ಕಳೆಯುವುದರೊಳಗೆ ಕರು ನಿಂತಲ್ಲೇ ಕುಸಿದು ಸತ್ತಿತು.

"ಆಚೆಮನೆಯವಳ ಕರಿನಾಲಿಗೆ! ಬಾಯಿ ತಾಗಿ ಹೋತು" ಎಂದರು ಅತ್ತೆ.

ದನದ ಡಾಕ್ಟರು ಬಂದು ಅದೇ ರೋಗದ ಹೆಸರು ಹೇಳಿದರು. ಗೊರಸಿನ ಹುಣ್ಣಿಗೆ ನೊಣ ಕೂರದಂತೆ ಬೇವಿನೆಣ್ಣೆ ಹಚ್ಚಿ ಎಂದರು. ಡಾಕ್ಟರು ಹೇಳಿದರೆ ರೋಗ, ಅತ್ತಿಗೆ ಹೇಳಿದರೆ ಶಾಪ! ಮಾತು ಊರೆಲ್ಲ ಹಬ್ಬಿತು. ಅವಳನ್ನು ಕಂಡರೆ ಜನ ದನ ಒಳಗೆ ಹೊಡೆಯುತ್ತಿದ್ದರು. ಅವಳು ಮಾತನ್ನೇ ಬಿಟ್ಟಳು, ನನ್ನ ಜೊತೆಗೂ. ತುಂಬಿದ ಮನೆಯಲ್ಲಿ ನಾನು ಒಬ್ಬಳೇ ಆದೆ...

ಕೆಲವು ವರ್ಷಗಳ ಮೇಲೆ ಇನ್ನೊಂದು ಹಸು ಜೊಲ್ಲು ಸುರಿಸತೊಡಗಿತು. ಬೇಲಿಯ ಬಳಿ ಹೂ ಕೊಯ್ಯುತ್ತಿದ್ದ ಅತ್ತಿಗೆಯ ಕೈ ಗಕ್ಕನೆ ನಿಂತಿತು. ಅವಳಿಗೆ ತಿಳಿದುಹೋಗಿತ್ತು.

"ಅದೇಯನೇ ಅತ್ತಿಗೆ?" ಎಂದೆ.

"ಆನೆಂತೂ ಹೇಳ್ತ್ನಿಲ್ಲೆ ತಂಗಿ" ಎಂದು, ಏನನ್ನೂ ಹೇಳಲು ಒಪ್ಪದೆ, ತಲೆ ತಗ್ಗಿಸಿ ಒಳಗೆ ಹೋದಳು.

ನಾನೇ ಹಸುವಿನ ಬಾಯಿ ತೆರೆದು ನೋಡಿದೆ. ನಾಲಿಗೆ ತುಂಬ ಗುಳ್ಳೆಗಳು. ಯಾರನ್ನೂ ಕೇಳದೆ ಕರುವನ್ನು ದೂರ ಕಟ್ಟಿ, ಬೇರೆ ಹಸುವಿನ ಹಾಲು ಕಾಸಿ ಆರಿಸಿ ಕುಡಿಸಿದೆ. ಅದು ಬದುಕಿತು. ಸೊಸೆಯ ಕೈಗುಣ ಒಳ್ಳೆಯದೆಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು. ಅತ್ತಿಗೆಯಿಂದ ಕಲಿತದ್ದು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಯಾರ ಮನೆಯ ದನ ಮೇವು ಬಿಟ್ಟರೂ ನನಗೆ ಕರೆ ಬರುತ್ತದೆ. ಬಾಯಿ ನೋಡುತ್ತೇನೆ, ಗೊರಸು ನೋಡುತ್ತೇನೆ, ಕಂಡದ್ದನ್ನು ಹೇಳುತ್ತೇನೆ. ಜಗಲಿಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ, ಊಟ ಮಾಡಿಕೊಂಡೇ ಹೋಗು ಎನ್ನುತ್ತಾರೆ. ಅತ್ತಿಗೆ ತೀರಿಕೊಂಡು ಎಷ್ಟೋ ಕಾಲವಾಯಿತು. ಸಾಯುವವರೆಗೂ ಅವಳನ್ನು ಈ ಊರಿನ ಒಂದು ಜಗಲಿಗೂ ಯಾರೂ ಕರೆಯಲಿಲ್ಲ.