ಮೇಷ್ಟ್ರ ಹೆಸರಿನ ಕೆಳಗೆ

ಆಗಿನ್ನೂ ಚಳ್ಳಕೆರೆಗೆ ಇಂಟರ್ನೆಟ್ ಹೊಸದು. ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ, ಯಾರೇ ಬಂದರೂ ಹೆಗಲ ಟವೆಲ್ಲಿನಿಂದ ಮೌಸ್ ಒರೆಸಿ, "ಕುಂತ್ಕಳ್ರಿ, ನೋಡಾಣ" ಅನ್ನುತ್ತಿದ್ದ. ಉತ್ತರ ಹೊಳೆಯದಿದ್ದಾಗಲೂ ಅದೇ ಮಾತು.

ಊರಿನವರ ಹರಟೆಗೆಂದು ನಾವಿಬ್ಬರೂ ಇಂಟರ್ನೆಟ್ಟಿನಲ್ಲಿ ಒಂದು ಫೋರಂ ನಡೆಸುತ್ತಿದ್ದೆವು. ಒಳ್ಳೆಯ ಬರಹಗಳು ಹರಟೆಯಡಿ ಹೂತುಹೋಗುತ್ತಿದ್ದವು. ಅವನ್ನು ಬೇರೆಯಾಗಿ ಜೋಡಿಸಿಡಲು, ಫೋರಂ ಜೊತೆಗೊಂದು ಸಿಎಂಎಸ್, ಅಂದರೆ ಲೇಖನಗಳನ್ನು ಪ್ರಕಟಿಸುವ ತಂತ್ರಾಂಶ, ಬೇಕಾಯಿತು. ಎರಡನ್ನು ಹಾಕಿ ನೋಡಿದೆವು. ಮೊದಲನೆಯದು ಅಂದವಾಗಿತ್ತು, ಫೋರಂ ಸದಸ್ಯರನ್ನೆಲ್ಲ ತಾನೇ ಎಳೆದುಕೊಂಡಿತು. ನನಗಂತೂ ಅಷ್ಟೇ ಸಾಕಿತ್ತು.

ಆತ ಮಾತ್ರ ಪರದೆ ನೋಡುತ್ತ ಎದ್ದು ನಿಂತ. ಮೊಳಕಾಲ್ಮೂರಿನಲ್ಲಿ ಆತನಿಗೆ ಪಾಠ ಹೇಳಿದ್ದ ಮೇಷ್ಟ್ರ ಲೇಖನ ಅಲ್ಲಿತ್ತು. ಫೋರಂನಲ್ಲಿ ಅವರು ಬರೆದದ್ದು ಕಡಿಮೆ. ಹಾಗಾಗಿ ಅವರ ಹೆಸರಿನ ಕೆಳಗೆ 'ಜೂನಿಯರ್ ಮೆಂಬರ್' ಎಂದಿತ್ತು. ದಿನವಿಡೀ ಹರಟುವ ಶಿಷ್ಯ 'ಸೀನಿಯರ್ ಮೆಂಬರ್'. ಅದನ್ನು ಅಳಿಸುವುದು ಹೇಗೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

"ಇದು ಬ್ಯಾಡ ಕಣೋ," ಅಂದ.

"ಲೇ, ಅದು ಕಂಪ್ಯೂಟರ್ ಹಾಕಿದ್ದು. ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲೋ."

ಎರಡನೆಯದನ್ನೇ ಹಾಕಿದ. ಅದು ಯಾರಿಗೂ ಪಟ್ಟ ಕಟ್ಟುತ್ತಿರಲಿಲ್ಲ. ಆದರೆ ಎಲ್ಲರ ಹೆಸರನ್ನೂ ಹೊಸದಾಗಿ ತುಂಬಬೇಕಿತ್ತು. ನಾನು ಬೈದುಕೊಂಡೇ ಟೈಪ್ ಮಾಡಿದೆ.

ಒಂದು ಮಧ್ಯಾಹ್ನ ಮೇಷ್ಟ್ರೇ ತಮ್ಮ ಲೇಖನ ನೋಡಲು ಬಂದರು. ಆತ ಮೌಸ್ ಒರೆಸಿ, ತನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿದ. ಓದಿ ಮುಗಿಸಿ ಮೇಷ್ಟ್ರು ಕೇಳಿದರು: "ಮೊದ್ಲು ಹಾಕಿದ್ದು ಇದಕ್ಕಿಂತ ಚೆನ್ನಾಗಿತ್ತಂತೆ, ನಿನ್ ಗೆಳೆಯ ಹೇಳ್ದ. ಯಾಕೋ ಬಿಟ್ಟೆ?"

ಆತ ನನ್ನನ್ನೊಮ್ಮೆ ದುರುಗುಟ್ಟಿಕೊಂಡು ನೋಡಿ, ಒರೆಸಿದ ಮೌಸನ್ನೇ ಮತ್ತೆ ಒರೆಸಿದ.

"ಕುಂತ್ಕಳ್ರಿ ಸಾ, ನೋಡಾಣ."

ಮೇಷ್ಟ್ರು ಕೂತೇ ಇದ್ದರು. ನಿಂತಿದ್ದವನು ಆತ.